ತಾಯಿಯ ರೋಗವನ್ನು ಮಕ್ಕಳಿಗೆ ಮರೆಮಾಡಬಹುದೋ?



ರೋಗಗಳಲ್ಲಿ ಎರಡು ತರದವು ಉಂಟೆಂಬದನ್ನು ನಾವೆಲ್ಲರೂ ಬಲ್ಲೆವು. ಒಂದು ತರದವು ಬಂದು ಹೋಗುವ ನೆಂಟರ ಹಾಗಿವೆ. ಜ್ವರ ಬರುತ್ತದೆ, ನಾಲ್ಕು ದಿವಸ ಮಲಗಿಸುತ್ತದೆ, ಔಷಧಕ್ಕೆ ಇಳಿದು ಹೋಗುತ್ತದೆ. ಮನೆಯವರು ಅದನ್ನು ಮರೆತುಬಿಡುತ್ತಾರೆ. ಮತ್ತೊಂದು ತರದವು ಬಂದ ಮೇಲೆ ಸುಲಭವಾಗಿ ಹೋಗುವವಲ್ಲ. ಸಕ್ಕರೆ ಕಾಯಿಲೆ, ಉಬ್ಬಸ, ಮೂರ್ಛೆರೋಗ, ಕೀಲುವಾತ ಮುಂತಾದವು ಈ ಜಾತಿಯವು. ವೈದ್ಯರು ಇವುಗಳನ್ನು ಹತೋಟಿಯಲ್ಲಿ ಇಡಬಲ್ಲರು. ಬೇರುಸಹಿತ ಕೀಳುವದು ಹೆಚ್ಚಾಗಿ ಅವರ ಕೈಯಲ್ಲಿಲ್ಲ. ಇಂಥ ರೋಗವು ಹೊಲವನ್ನೂ ದನಕರುಗಳನ್ನೂ ಅಡಿಗೆಯನ್ನೂ ನೋಡಿಕೊಂಡು ಚಿಕ್ಕ ಮಕ್ಕಳನ್ನು ಸಾಕುತ್ತಿರುವ ತಾಯಿಗಾಗಲಿ ತಂದೆಗಾಗಲಿ ಬಂದರೆ, ಔಷಧದ ಪ್ರಶ್ನೆಯಲ್ಲದೆ ಇನ್ನೊಂದು ಪ್ರಶ್ನೆಯೂ ಆ ಮನೆಯಲ್ಲಿ ಹುಟ್ಟುತ್ತದೆ. ಮಕ್ಕಳಿಗೆ ಇದನ್ನು ಹೇಳಬೇಕೋ, ಮರೆಮಾಡಬೇಕೋ? ಈ ಪ್ರಶ್ನೆಯನ್ನೇ ನಾವು ಈ ಸಾರಿ ವಿಚಾರಿಸುವೆವು.

ಹಳ್ಳಿಗಳಲ್ಲಿ ಇದಕ್ಕೆ ಸಿಕ್ಕುವ ಉತ್ತರವು ಸಾಮಾನ್ಯವಾಗಿ ಒಂದೇ. "ಕೂಸುಗಳಿಗೆ ಯಾಕೆ ಹೇಳಬೇಕು? ಅವಕ್ಕೆ ಏನು ತಿಳಿದೀತು? ಆಡುವ ಮಕ್ಕಳು ಆಡಿಕೊಂಡಿರಲಿ" ಎಂದು ಅಜ್ಜಿಯರು ಅನ್ನುವರು. ಈ ಮಾತು ಪ್ರೀತಿಯಿಂದ ಹುಟ್ಟಿದ್ದು. ಆದಕಾರಣ ಅದನ್ನು ಹಗುರಾಗಿ ಎಣಿಸತಕ್ಕದ್ದಲ್ಲ. ಆದರೂ ಪ್ರೀತಿಯಿಂದ ಹುಟ್ಟಿದ ಮಾತೆಲ್ಲಾ ಪ್ರೀತಿಯ ಫಲವನ್ನೇ ಕೊಡುವದೆಂದು ಹೇಳಲಾಗದು. ಬೀಜವು ಒಳ್ಳೇದಾದರೂ ಬೆಳೆ ಹೇಗೆ ಬಂತೆಂದು ಒಕ್ಕಲಿಗನು ಹೊಲಕ್ಕೆ ಹೋಗಿಯೇ ನೋಡುತ್ತಾನಲ್ಲವೇ? ಹಾಗೆಯೇ ನಾವೂ ಈ ಮರೆಮಾಡುವಿಕೆಯು ಮನೆಯೊಳಗೆ ಯಾವ ಬೆಳೆಯನ್ನು ಕೊಡುತ್ತದೆಂದು ನೋಡೋಣ.

ಮಾತು ಗಾಳಿಯಲ್ಲಿ ತೇಲದಂತೆ ಒಂದು ರೋಗವನ್ನೂ ಒಂದು ಮನೆಯನ್ನೂ ಹಿಡಿದುಕೊಂಡು ವಿಚಾರಿಸುವದು ಒಳ್ಳೇದು. ರೋಗವು ಸಕ್ಕರೆ ಕಾಯಿಲೆ. ಇದನ್ನು ಪಟ್ಟಣದ ಧನಿಕರ ರೋಗವೆಂದು ಹೇಳುವ ಕಾಲವು ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆಯೆಂದು ಲೆಕ್ಕ ಕೊಟ್ಟಿತು. ಅವರಲ್ಲಿ ಹಳ್ಳಿಯವರೂ ಬಹುಮಂದಿ ಇದ್ದಾರೆ. ಮನೆಯನ್ನೋ ನಾವು ಊಹಿಸಿಕೊಂಡಿದ್ದೇವೆ, ಆದರೆ ಅಂಥದು ಯಾವ ಊರಲ್ಲಿಯೂ ಇರಬಹುದು. ತಾಯಿಗೆ ಮೂವತ್ತು ವರುಷ ಪ್ರಾಯ. ಮಗಳಿಗೆ ಒಂಭತ್ತು, ಮಗನಿಗೆ ಐದು. ಗಂಡನು ಹೊಲಕ್ಕೂ ಕೂಲಿಗೂ ಹೋಗುವವನು. ಮುಪ್ಪಿನ ಅತ್ತೆಯು ಸಂಗಡ ಇದ್ದಾಳೆ. ಉಂಡ ಅನ್ನದಿಂದ ಹುಟ್ಟಿದ ಸಕ್ಕರೆಯು ರಕ್ತವನ್ನು ಬಿಟ್ಟು ಮೈಯ ಮಾಂಸಖಂಡಗಳನ್ನು ಸೇರುವದಕ್ಕೆ ಇನ್ಸುಲಿನ್ ಎಂಬ ರಸವು ಬೀಗದ ಕೈಯಂತಿದೆ. ಈ ತಾಯಿಯ ದೇಹದಲ್ಲಿ ಆ ರಸವು ಬೇಕಾದಷ್ಟು ಹುಟ್ಟದೆ ಇರುವದರಿಂದ ಅವಳು ದಿನಾಲು ಎರಡು ಸಾರಿ ಸೂಜಿಯಿಂದ ಅದನ್ನು ಚುಚ್ಚಿಕೊಳ್ಳಬೇಕಾಗಿದೆ.

ಈ ಔಷಧವು ದೊರೆತ ಬಗೆಯನ್ನು ಇಲ್ಲಿ ಸ್ವಲ್ಪ ಹೇಳುವದು ಅವಶ್ಯ. ಯಾಕಂದರೆ ನಮ್ಮ ಪ್ರಶ್ನೆಗೆ ಅದು ಬಹಳ ಸಂಬಂಧಪಟ್ಟದ್ದು. 1921ನೆಯ ಇಸವಿಯಲ್ಲಿ ಕೆನಡಾ ದೇಶದ ಟೊರೊಂಟೋ ಪಟ್ಟಣದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಎಂಬವರು ಪ್ರಾಣಿಗಳ ಗ್ರಂಥಿಯಿಂದ ಈ ರಸವನ್ನು ತೆಗೆಯುವದಕ್ಕೆ ಪ್ರಯತ್ನಿಸಿ ಸಫಲರಾದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರುಷದ ಹುಡುಗನಿಗೆ ಅದನ್ನು ಮೊದಲು ಕೊಟ್ಟರು. ಸಾವಿನ ಅಂಚಿನಲ್ಲಿದ್ದ ಆ ಹುಡುಗನು ಆ ಮೇಲೆ 13 ವರುಷ ಬದುಕಿದನು. ಅದಕ್ಕಿಂತ ಮುಂಚೆ ಈ ರೋಗದ ಕಠಿಣವಾದ ವಿಧವು ತಗಲಿದ ಮಕ್ಕಳೂ ಯೌವನಸ್ಥರೂ ಹೆಚ್ಚಾಗಿ ಒಂದೆರಡು ವರುಷಗಳೊಳಗೇ ತೀರಿಹೋಗುತ್ತಿದ್ದರು. ಆ ಕಾಲದಲ್ಲಿ ಅಂಥ ಮನೆಯವರಿಗಿದ್ದ ಪ್ರಶ್ನೆಯು, ಬರುವ ಸಾವನ್ನು ಮಕ್ಕಳಿಗೆ ಹೇಗೆ ತಿಳಿಸಬೇಕೆಂಬದು. ಈಗಿನವರ ಪ್ರಶ್ನೆಯು ಅದಲ್ಲ. ರೋಗವಿದ್ದರೂ ತಾಯಿಯು ಬದುಕುತ್ತಾಳೆ, ಉಳುಮೆ, ಬಿತ್ತನೆ, ಮದುವೆ, ಹೆರಿಗೆ ಎಲ್ಲಾ ನಡೆಯುತ್ತವೆ, ಸೂಜಿಯೂ ನಡೆಯುತ್ತಿರುತ್ತದೆ. ಒಂದು ವಾರದ ಗುಟ್ಟನ್ನು ಮನೆಯು ತಾಳೀತು. ಇಪ್ಪತ್ತು ವರುಷದ ಗುಟ್ಟನ್ನು, ಅದೂ ದಿನಕ್ಕೆ ಎರಡು ಸಾರಿ ಕಾಪಾಡಬೇಕಾದ ಗುಟ್ಟನ್ನು, ಯಾವ ಮನೆ ತಾಳುವದು?

ಇನ್ನು ಆ ಮನೆಯೊಳಗೆ ಹೋಗೋಣ. ತಾಯಿಯು ಸೂಜಿಯನ್ನೂ ಔಷಧದ ಸೀಸೆಯನ್ನೂ ಜೋಳದ ಗಡಿಗೆಯ ಹಿಂದೆ ಅಡಗಿಸಿಟ್ಟಿದ್ದಾಳೆ. ಮಕ್ಕಳು ಹೊರಗೆ ಹೋದ ಸಮಯ ನೋಡಿ ಚುಚ್ಚಿಕೊಳ್ಳುತ್ತಾಳೆ. ಮಕ್ಕಳು ಹೊರಗೆ ಹೋಗದ ದಿವಸ, ನೆಂಟರು ಬಂದ ದಿವಸ, ಮದುವೆಗೆ ಹೋದ ದಿವಸ ಔಷಧವು ತಪ್ಪುತ್ತದೆ. ಹೀಗೆ ತಪ್ಪಿದಾಗಲೆಲ್ಲಾ ಸಕ್ಕರೆಯು ರಕ್ತದಲ್ಲಿ ಏರುತ್ತದೆ. ವರುಷಗಟ್ಟಲೆ ಏರಿಕೊಂಡಿದ್ದರೆ ಅದು ಕಣ್ಣುಗಳನ್ನೂ ಮೂತ್ರಪಿಂಡಗಳನ್ನೂ ಪಾದದ ನರಗಳನ್ನೂ ಕೆಡಿಸುತ್ತದೆ. ಮಕ್ಕಳ ಮೇಲಿನ ಪ್ರೀತಿಯಿಂದ ಗುಟ್ಟನ್ನು ಕಾಯುವ ತಾಯಿಯು ಅದೇ ಮಕ್ಕಳಿಗೆ ಬೇಕಾಗಿರುವ ತನ್ನ ಕಣ್ಣನ್ನೂ ಕಾಲನ್ನೂ ಸ್ವಲ್ಪಸ್ವಲ್ಪವಾಗಿ ತೆತ್ತುಬಿಡುತ್ತಾಳೆ. ಇದಲ್ಲದೆ, ಅಡಗಿಸಿಟ್ಟ ವಸ್ತುವನ್ನು ಹುಡುಕಿ ತೆಗೆಯುವದರಲ್ಲಿ ಐದು ವರುಷದ ಹುಡುಗನಿಗೆ ಸಮಾನರು ಯಾರೂ ಇಲ್ಲ. ಸೂಜಿಯು ಆಟದ ಸಾಮಾನಾಗಿ ಅವನ ಬೆರಳಿಗೆ ಚುಚ್ಚಿದ ದಿವಸ ಗುಟ್ಟು ಹೇಗೂ ಹೊರಗೆ ಬೀಳುತ್ತದೆ.

ಊಟದ ವಿಷಯವೂ ಹೀಗೆಯೇ. ನಮ್ಮ ಮನೆಗಳಲ್ಲಿ ತಾಯಿಯು ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಕಡೆಯಲ್ಲಿ ಉಣ್ಣುವದು ವಾಡಿಕೆ. ಅದನ್ನು ತ್ಯಾಗವೆಂದು ನಾವು ಹೊಗಳುತ್ತೇವೆ. ಆದರೆ ಸೂಜಿ ಹಾಕಿಕೊಂಡವಳು ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಗಂಡನು ಹೊಲದಿಂದ ಬರಲಿ, ಮಕ್ಕಳು ಉಣ್ಣಲಿ ಎಂದು ಅವಳು ಕಾದರೆ ಸಕ್ಕರೆಯು ಏರುವದಕ್ಕೆ ಬದಲಾಗಿ ಬೇಗನೆ ಇಳಿಯುತ್ತದೆ. ಒಂದು ಡೆಸಿಲೀಟರು ರಕ್ತದಲ್ಲಿ ಅದು 70 ಮಿಲಿಗ್ರಾಮಿಗಿಂತ ಕಡಿಮೆಯಾದರೆ ವೈದ್ಯರು ಅದನ್ನು ಅಪಾಯದ ಇಳಿತವೆಂದು ಎಣಿಸುವರು. ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ತಡೆಯಲಾರದ ಹಸಿವೆ ಆಗುತ್ತದೆ. ಮಿದುಳಿಗೆ ಆಹಾರ ಸಾಲದೆ ಹೋಗಿ ಸಿಟ್ಟು ಬರುತ್ತದೆ, ಮಾತು ತೊದಲುತ್ತದೆ, ಕೇಳಿದ್ದಕ್ಕೆ ಉತ್ತರ ಬರುವದಿಲ್ಲ. ಇನ್ನೂ ಇಳಿದರೆ ಎಚ್ಚರ ತಪ್ಪಿ ಬೀಳುವದುಂಟು.

ಇವುಗಳೊಳಗೆ ಸಿಟ್ಟು ಎಂಬ ಗುರುತನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಹುಡುಗನು ಆಡುತ್ತಾ ಆಡುತ್ತಾ ನೀರಿನ ಕೊಡವನ್ನು ಉರುಳಿಸುತ್ತಾನೆ. ಬೇರೆ ದಿವಸಗಳಲ್ಲಿ ನಕ್ಕು ಸುಮ್ಮನಾಗುವ ತಾಯಿಯು ಈ ಹೊತ್ತು ಕೂಗಾಡುತ್ತಾಳೆ, ತಳ್ಳುತ್ತಾಳೆ, ಬಳಿಕ ಗೋಡೆಗೆ ಒರಗಿ ಬೆವರುತ್ತಾ ಕಣ್ಣು ಮುಚ್ಚುತ್ತಾಳೆ. ಅಜ್ಜಿಯು ಓಡಿ ಬಂದು ಸಕ್ಕರೆ ನೀರು ಕುಡಿಸುತ್ತಾಳೆ. ಹುಡುಗನು ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಾನೆ. ಅವನಿಗೆ ಯಾರೂ ಏನೂ ಹೇಳುವದಿಲ್ಲ. ಆದರೆ ಅವನೇ ಎರಡು ಸಂಗತಿಗಳನ್ನು ಕೂಡಿಸಿಕೊಳ್ಳುತ್ತಾನೆ. ನಾನು ಕೊಡವನ್ನು ಉರುಳಿಸಿದೆನು, ಅವ್ವ ಬಿದ್ದಳು.

ಮಕ್ಕಳ ಮನಸ್ಸನ್ನು ಬಲ್ಲವರು ಇದನ್ನು ಒಂದೇ ಬಾಯಿಂದ ಹೇಳುತ್ತಾರೆ. ಚಿಕ್ಕ ಮಗುವು ಕಾರಣವಿಲ್ಲದೆ ಸುಮ್ಮನೆ ಇರಲಾರದು. ದೊಡ್ಡವರು ಕಾರಣವನ್ನು ಕೊಡದೆ ಹೋದರೆ ತಾನೇ ಒಂದನ್ನು ಕಟ್ಟಿಕೊಳ್ಳುತ್ತದೆ. ಮತ್ತು ಆ ವಯಸ್ಸಿನಲ್ಲಿ ಲೋಕವೆಲ್ಲಾ ತನ್ನ ಸುತ್ತಲೇ ತಿರುಗುತ್ತದೆಂದು ಕಾಣುವದರಿಂದ, ಕೇಡಿಗೂ ತಾನೇ ಕಾರಣನೆಂದು ಎಣಿಸಿಕೊಳ್ಳುತ್ತದೆ. ಆದಕಾರಣ "ಮಗುವಿಗೆ ಏನೂ ಗೊತ್ತಿಲ್ಲ" ಎಂಬ ನಮ್ಮ ಸಮಾಧಾನವು ಪೊಳ್ಳಾದದ್ದು. ಹೇಳದೆ ಬಿಟ್ಟ ಮಗುವಿನ ತಲೆಯೊಳಗೆ ಬರಿದಾದ ಸ್ಥಳ ಇರುವದಿಲ್ಲ. ಅಲ್ಲಿ ಮತ್ತೊಂದು ಕಥೆ ಕೂತಿರುತ್ತದೆ. ಅದು ಸತ್ಯಕ್ಕಿಂತ ಭಯಂಕರವಾದದ್ದು.

ಆ ಕಥೆಯನ್ನು ಮಗುವು ಒಬ್ಬಂಟಿಗನಾಗಿ ಕಟ್ಟುವದಿಲ್ಲ. ಊರೂ ಸಹಾಯ ಮಾಡುತ್ತದೆ. ನೀರು ತರುವ ಬಾವಿಯ ಬಳಿ, ಬಟ್ಟೆ ಒಗೆಯುವ ಕಲ್ಲಿನ ಬಳಿ, "ಯಾರ ಕಣ್ಣು ತಗಲಿತೋ", "ಯಾವ ಪಾಪದ ಫಲವೋ" ಎಂಬ ಮಾತುಗಳು ಮಕ್ಕಳ ಕಿವಿಗೆ ಬೀಳುತ್ತವೆ. ಹುಟ್ಟುಕುರುಡನನ್ನು ಕಂಡು, ಇವನು ಪಾಪಮಾಡಿದನೋ ಇವನ ತಂದೆತಾಯಿಗಳು ಮಾಡಿದರೋ ಎಂದು ಶಿಷ್ಯರು ಕೇಳಿದಾಗ ಗುರುವು ಎರಡನ್ನೂ ಅಲ್ಲಗಳೆದದ್ದನ್ನು ನಾವು ಸುವಾರ್ತೆಯಲ್ಲಿ ಓದಿದವರು. ಓದಿದವರಾದ ನಮ್ಮ ಮನೆಗಳಲ್ಲಿಯೂ ಆ ಹಳೇ ಪ್ರಶ್ನೆಯು ಪಿಸುಮಾತಾಗಿ ಉಳಿದುಕೊಂಡಿದೆ. ದೊಡ್ಡವರು ಬಾಯಿ ಮುಚ್ಚಿಕೊಂಡಿದ್ದರೆ ಮಗುವು ಊರಿನ ಪಿಸುಮಾತನ್ನೇ ನಂಬುವದು.

ಹಾಗಾದರೆ ಮರೆಮಾಡುವದು ಸುಳ್ಳು ಹೇಳಿದಂತೆಯೋ? ಈ ಮಾತನ್ನು ಹಿರಿಯರು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಸಭಾಧ್ಯಕ್ಷನಾದ ಅಗಸ್ಟೀನನು ಸುಳ್ಳಿನ ವಿಷಯವಾಗಿ ಎರಡು ಗ್ರಂಥಗಳನ್ನು ಬರೆದನು. ಸುಮಾರು ಕ್ರಿ. ಶ. 420ರಲ್ಲಿ ಬರೆದ ಎರಡನೆಯದರಲ್ಲಿ ಅವನು ಒಬ್ಬ ರೋಗಿಯ ಸಂಗತಿಯನ್ನು ಎತ್ತಿಕೊಳ್ಳುತ್ತಾನೆ. ಆ ರೋಗಿಯು ಸಾಯುವ ಸ್ಥಿತಿಯಲ್ಲಿದ್ದಾನೆ. ಅವನ ಒಬ್ಬನೇ ಮಗನು ತೀರಿಹೋಗಿದ್ದಾನೆ. ಆ ಸುದ್ದಿಯನ್ನು ಕೇಳಿದರೆ ತಂದೆಯೂ ಉಳಿಯಲಾರನು. ನನ್ನ ಮಗನು ಬದುಕಿದ್ದಾನೋ ಎಂದು ಅವನು ಕೇಳಿದರೆ ಏನು ಹೇಳಬೇಕು? ಇಂಥ ಸ್ಥಳದಲ್ಲಿ ತನ್ನ ಮನಸ್ಸೂ ಕಲಕುತ್ತದೆಂದು ಅಗಸ್ಟೀನನು ಒಪ್ಪಿಕೊಂಡರೂ ಸುಳ್ಳಿಗೆ ಅಪ್ಪಣೆ ಕೊಡಲಿಲ್ಲ. ಆದರೆ ಅದೇ ಗ್ರಂಥದಲ್ಲಿ ಅವನು, ಸತ್ಯವನ್ನು ಹೇಳದೆ ಇರುವದು ಬೇರೆ, ಸುಳ್ಳು ಹೇಳುವದು ಬೇರೆ ಎಂಬ ಭೇದವನ್ನು ತೋರಿಸಿದ್ದಾನೆ.

ಅಗಸ್ಟೀನನ ಕಠಿಣವಾದ ತೀರ್ಪನ್ನು ಒಪ್ಪದ ಸಜ್ಜನರು ಅನೇಕರಿದ್ದಾರೆ. ಆ ವಾದವನ್ನು ಇಲ್ಲಿ ತೀರಿಸುವದು ನಮಗೆ ಅವಶ್ಯವಿಲ್ಲ. ಅವನು ತೋರಿಸಿದ ಭೇದವೇ ನಮಗೆ ಸಾಕು. ಎಲ್ಲವನ್ನೂ ಒಂದೇ ದಿವಸ ಹೇಳಬೇಕೆಂಬ ಹಂಗು ತಾಯಿಗಿಲ್ಲ. ಮೂತ್ರಪಿಂಡ ಕೆಡುವ ವಿಷಯವನ್ನು ಐದು ವರುಷದ ಮಗನಿಗೆ ಹೇಳದೆ ಇದ್ದರೆ ಅವಳು ಸುಳ್ಳು ಹೇಳಿದವಳಾಗುವದಿಲ್ಲ. ಆದರೆ ಮಗನು ಸೂಜಿಯನ್ನು ಕಂಡು "ಇದು ಏನವ್ವಾ?" ಎಂದು ಕೇಳಿದಾಗ "ಏನೂ ಇಲ್ಲ, ಹೋಗು" ಎಂದರೆ ಅಲ್ಲಿ ಮೌನದ ಗಡಿಯನ್ನು ದಾಟಿದಂತಾಯಿತು. ಇದಕ್ಕಿಂತಲೂ ಹೆಚ್ಚಿನ ನಷ್ಟವೊಂದುಂಟು. ತಾನು ಕಣ್ಣಾರೆ ಕಂಡದ್ದನ್ನು ತಾಯಿಯು ಇಲ್ಲವೆಂದಾಗ, ಮಗುವು ತನ್ನ ಕಣ್ಣನ್ನು ನಂಬಬಾರದೋ ತಾಯಿಯನ್ನು ನಂಬಬಾರದೋ ಎಂಬ ಇಕ್ಕಟ್ಟಿಗೆ ಸಿಕ್ಕುತ್ತದೆ. ಎರಡರಲ್ಲಿ ಯಾವದನ್ನು ಬಿಟ್ಟರೂ ಅದಕ್ಕೆ ಕೇಡೇ.

ನಮ್ಮ ಕನ್ನಡ ನಾಡಿನ ಪುಣ್ಯಕೋಟಿಯ ಹಾಡನ್ನು ಅರಿಯದವರು ಯಾರು? ಹುಲಿಗೆ ಕೊಟ್ಟ ಮಾತಿನಂತೆ ಆ ಹಸುವು ತಿರಿಗಿ ಹೋದದ್ದನ್ನು ನಾವೆಲ್ಲರೂ ಸತ್ಯಕ್ಕೆ ದೃಷ್ಟಾಂತವಾಗಿ ಹೇಳುತ್ತೇವೆ. ಆದರೆ ಅದೇ ಕಥೆಯಲ್ಲಿ ಮತ್ತೊಂದು ಸತ್ಯವುಂಟು. ಅದನ್ನು ನಾವು ಗಮನಿಸುವದು ಕಡಿಮೆ. ಪುಣ್ಯಕೋಟಿಯು ದೊಡ್ಡಿಗೆ ಬಂದು, ಕರುವಿಗೆ ಹಾಲು ಕೊಟ್ಟು, ಅದು ಮಲಗಿದ ಮೇಲೆ ಕಳ್ಳಹೆಜ್ಜೆಯಿಂದ ಹೊರಟುಹೋಗಬಹುದಾಗಿತ್ತು. ಅದು ಹಾಗೆ ಮಾಡಲಿಲ್ಲ. ತಾನು ಎಲ್ಲಿಗೆ ಹೋಗುತ್ತೇನೆಂಬದನ್ನು ಎಳೇ ಕರುವಿಗೆ ತಾನೇ ಹೇಳಿತು. ಕರುವು ಕೇಳಿದ್ದಾದರೂ ಏನು? ಹುಲಿಯು ಎಂಥದು, ಸತ್ಯವೆಂದರೇನು ಎಂದು ಅದು ಕೇಳಲಿಲ್ಲ. ಇನ್ನು ನಾನು ಯಾರ ಹಾಲು ಕುಡಿಯಲಿ, ಯಾರ ಮಗ್ಗುಲಲ್ಲಿ ಮಲಗಲಿ ಎಂಬದೇ ಅದರ ದುಃಖವಾಗಿತ್ತು. ತಾಯಿಯು ಅದಕ್ಕೆ ಬರೀ ಸಮಾಧಾನದ ಮಾತು ಹೇಳಿ ಬಿಡಲಿಲ್ಲ. ಜೊತೆಯ ಹಸುಗಳನ್ನು ಕರೆದು, ಇದನ್ನು ನಿಮ್ಮ ಕರುವಿನಂತೆ ನೋಡಿಕೊಳ್ಳಿರೆಂದು ಒಪ್ಪಿಸಿತು.

ಹೇಳುವದೆಂದರೆ ಏನೆಂಬದು ಇದರಿಂದ ನಮಗೆ ಸ್ಪಷ್ಟವಾಗುತ್ತದೆ. ಮಗುವಿಗೆ ಬೇಕಾದದ್ದು ರೋಗದ ಶಾಸ್ತ್ರವಲ್ಲ. ಇದು ನನ್ನಿಂದ ಆಯಿತೋ? ಇದು ನನಗೂ ಅಂಟುವದೋ? ಅವ್ವನಿಗೆ ಆಗದೆ ಹೋದರೆ ನನಗೆ ಊಟ ಕೊಡುವವರು ಯಾರು? ಈ ಮೂರು ಪ್ರಶ್ನೆಗಳು ಅದರ ಬಾಯಲ್ಲಿ ಬಾರದೆ ಇದ್ದರೂ ಎದೆಯಲ್ಲಿ ಇರುತ್ತವೆ. ಇವುಗಳಿಗೆ ತಕ್ಕ ಉತ್ತರವನ್ನು ಕೊಟ್ಟವರು ಹೇಳಬೇಕಾದ ಬಹುಭಾಗವನ್ನು ಹೇಳಿದವರೇ.

ಮೂರು ನಾಲ್ಕು ವರುಷದ ಮಗುವಿಗೆ, "ಅವ್ವನಿಗೆ ಒಂದು ಬೇನೆ ಉಂಟು, ಸೂಜಿ ಅದಕ್ಕೆ ಔಷಧ, ನೀನು ಏನೂ ಮಾಡಿದ್ದರಿಂದ ಅದು ಬರಲಿಲ್ಲ" ಎಂದರೆ ಸಾಕು. ಐದಾರು ವರುಷದವನಿಗೆ ರೋಗದ ಹೆಸರನ್ನೂ ಹೇಳಬಹುದು. ಒಂದೇ ತಾಟಿನಲ್ಲಿ ಉಂಡರೂ ಒಂದೇ ಹಾಸಿಗೆಯಲ್ಲಿ ಮಲಗಿದರೂ ಅದು ಅಂಟುವದಿಲ್ಲವೆಂದು ತಿಳಿಸಬೇಕು. "ನನ್ನ ಸಕ್ಕರೆ ಇಳಿದಾಗ ನನಗೆ ಸುಮ್ಮನೆ ಸಿಟ್ಟು ಬರುತ್ತದೆ, ಅದು ನಿನ್ನ ಮೇಲಿನ ಸಿಟ್ಟಲ್ಲ" ಎಂಬ ಒಂದು ಮಾತು, ಕೊಡ ಉರುಳಿಸಿದ ಹುಡುಗನ ಎದೆಯ ಮೇಲಿಂದ ದೊಡ್ಡ ಕಲ್ಲನ್ನು ಇಳಿಸುವದು. ಎಂಟು ಒಂಭತ್ತು ವರುಷದ ಮಗಳಿಗೆ ಇನ್ನೂ ಸ್ವಲ್ಪ ಕಲಿಸಬಹುದು. ತಾಯಿಯು ಬೆವರಿ ನಡುಗುತ್ತಿದ್ದು ಎಚ್ಚರದಿಂದಿದ್ದರೆ ಮೂರು ಚಿಕ್ಕ ಚಮಚೆ ಸಕ್ಕರೆಯನ್ನು ಬಾಯಿಗೆ ಕೊಡಬೇಕು, ಇಲ್ಲವೆ ನೀರಲ್ಲಿ ಕಲಸಿ ಕುಡಿಸಬೇಕು. ಹದಿನೈದು ನಿಮಿಷಗಳಲ್ಲಿ ಚೇತರಿಸದಿದ್ದರೆ ಇನ್ನೊಂದು ಸಾರಿ ಕೊಡಬೇಕು. ತಾಯಿಯು ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಹಾಕಬಾರದು. ಅದು ಉಸಿರಿನ ಕೊಳವೆಗೆ ಹೋಗಿ ಪ್ರಾಣಕ್ಕೆ ಅಪಾಯವಾಗುವದು. ಮಗ್ಗುಲಾಗಿ ತಿರುಗಿಸಿ ಮಲಗಿಸಬೇಕು, ದೊಡ್ಡವರನ್ನು ಕೂಗಬೇಕು, 108ಕ್ಕೆ ಕರೆ ಮಾಡಬೇಕು. ಗುಟ್ಟನ್ನು ಕಾದ ಮನೆಯಲ್ಲಿ, ಅಜ್ಜಿಯು ಹೊರಗಿದ್ದ ಹೊತ್ತಿನಲ್ಲಿ ತಾಯಿ ಬಿದ್ದರೆ, ಗಾಬರಿಯಾದ ಮಗುವು ಬಾಯಿಗೆ ನೀರು ಹೊಯ್ಯುವ ಸಂಭವವೇ ಹೆಚ್ಚು. ಹೇಳಿದ ಮನೆಯಲ್ಲಿ ಆ ಮಗುವಿನ ಕೈಗೆ ಒಂದು ಕೆಲಸವಿರುತ್ತದೆ, ಕಾಲಿಗೆ ಓಡಲು ಒಂದು ದಾರಿಯಿರುತ್ತದೆ.

"ಅವ್ವಾ, ನೀನು ಸಾಯುತ್ತೀಯಾ?" ಎಂಬ ಪ್ರಶ್ನೆಯು ಒಂದು ದಿವಸ ಬಂದೇ ಬರುವದು. ಆಗ "ಛೀ, ಅಂಥ ಮಾತು ಆಡಬೇಡ" ಎಂದು ಗದರಿಸಬಾರದು. "ನಾನು ಎಂದಿಗೂ ಸಾಯುವದಿಲ್ಲ" ಎಂದು ಆಣೆಯಿಡಲೂ ಬಾರದು. ಯಾಕಂದರೆ ಆ ಮಾತನ್ನು ನಡಿಸಿಕೊಡುವ ಶಕ್ತಿ ಯಾರಿಗೂ ಇಲ್ಲ. "ಮನುಷ್ಯರೆಲ್ಲರೂ ಒಂದು ದಿವಸ ಸಾಯುವರು. ಆದರೆ ಈ ಬೇನೆಗೆ ಔಷಧ ಉಂಟು. ನಿಮ್ಮ ಸಂಗಡ ಬಹುಕಾಲ ಇರಬೇಕೆಂದೇ ನಾನು ದಿನಾಲು ಅದನ್ನು ತಕ್ಕೊಳ್ಳುತ್ತೇನೆ. ನನಗೆ ಆಗದ ದಿವಸ ಅಪ್ಪನೂ ಅಜ್ಜಿಯೂ ಪಕ್ಕದ ಮನೆಯ ಚಿಕ್ಕವ್ವನೂ ನಿಮಗೆ ಊಟ ಕೊಡುವರು" ಎಂದು ಹೇಳುವದು ಸತ್ಯವೂ ಹೌದು, ಮಗುವಿನ ನಿದ್ರೆಗೆ ಸಾಕಾದದ್ದೂ ಹೌದು.

ಇಲ್ಲಿ ಕೆಲವರು ಎರಡು ಆಕ್ಷೇಪಣೆಗಳನ್ನು ಎತ್ತುವರು. ಹೇಳಿದರೆ ಮಕ್ಕಳು ಹೆದರುವರೆಂಬದು ಮೊದಲನೆಯದು. ಹೌದು, ಕೆಲವು ದಿವಸ ಹೆದರುವರು. ಆದರೆ ಹೇಳದಿದ್ದರೂ ಅವರು ಹೆದರುತ್ತಲೇ ಇದ್ದಾರೆಂಬದನ್ನು ಮೇಲೆ ಕಂಡೆವು. ಹೆಸರಿಲ್ಲದ ಭಯವನ್ನು ಮಗುವು ಒಬ್ಬನೇ ಹೊರುತ್ತದೆ. ಹೆಸರಿರುವ ಭಯವನ್ನು ತಾಯಿಯ ಮಡಿಲಲ್ಲಿ ಕೂತು ಹಂಚಿಕೊಳ್ಳುತ್ತದೆ.

ಎರಡನೆಯದು ಇದಕ್ಕಿಂತ ಭಾರವಾದದ್ದು. ಮಗುವಿನ ಬಾಯಿಂದ ಮಾತು ಊರಿಗೆ ಹೋಗುವದು. ನಾಳೆ ಮಗಳಿಗೆ ವರ ಸಿಕ್ಕುವದು ಕಷ್ಟವಾಗುವದು ಎಂದು ತಂದೆತಾಯಿಗಳು ಅಂಜುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲವೆಂದು ನಾವು ಹೇಳಲಾರೆವು. ತಂದೆತಾಯಿಗಳಿಗೆ ಸಕ್ಕರೆ ಕಾಯಿಲೆಯಿದ್ದರೆ ಮಕ್ಕಳಿಗೆ ಬರುವ ಸಂಭವವು ಹೆಚ್ಚೆಂಬದು ನಿಜ. ಬಂದೇ ಬರುವದೆಂಬದು ನಿಜವಲ್ಲ. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ವಿಧವನ್ನು ಮಿತವಾದ ಊಟ, ಮೈಗೆಲಸ, ನಡಿಗೆ ಇವುಗಳಿಂದ ಎಷ್ಟೋ ಮಟ್ಟಿಗೆ ತಡೆಯಬಹುದು, ಇಲ್ಲವೆ ಮುಂದಕ್ಕೆ ಹಾಕಬಹುದು. ತಾಯಿಯ ರೋಗವನ್ನು ಅರಿತ ಮಗಳು ತಕ್ಕ ಪ್ರಾಯದಲ್ಲಿ ತನ್ನ ರಕ್ತವನ್ನು ಪರೀಕ್ಷೆ ಮಾಡಿಸಿಕೊಳ್ಳುವಳು. ಅರಿಯದವಳು ರೋಗವು ಬೇರೂರಿದ ಮೇಲೆ ಕಾಣುವಳು. ಮದುವೆಗೆ ಮುಂಚೆ ಮುಚ್ಚಿಟ್ಟದ್ದು ಮದುವೆಯ ಮೇಲೆ ಹೊರಬಿದ್ದರೆ ಅದರ ದಂಡವನ್ನು ಗಂಡನ ಮನೆಯಲ್ಲಿ ತೆರುವವಳು ಅವಳೇ. ಮನೆಯ ಮಾತನ್ನು ಬೀದಿಯಲ್ಲಿ ಕೂಗಬಾರದೆಂದು ಮಕ್ಕಳಿಗೆ ಕಲಿಸುವದು ಮರ್ಯಾದೆಯ ಪಾಠ, ಅದನ್ನು ಕಲಿಸಬಹುದು. "ಕೇಳಿದವರಿಗೆ ಇಲ್ಲವೆಂದು ಹೇಳು" ಎಂದು ಕಲಿಸುವದೋ ಬೇರೆ ಪಾಠ. ಅದನ್ನು ಕಲಿತ ಮಗುವು ನಮ್ಮ ಮುಂದೆಯೂ ಅದನ್ನೇ ಒಪ್ಪಿಸುವದು.

ಇಷ್ಟು ಹೇಳಿದ ಮೇಲೆ ಮತ್ತೊಂದು ಕಡೆಯಲ್ಲಿಯೂ ಎಚ್ಚರಿಸಬೇಕಾಗಿದೆ. ತಿಳಿಸುವದು ಬೇರೆ, ಹೊರಿಸುವದು ಬೇರೆ. ಕೆಲವು ಮನೆಗಳಲ್ಲಿ ಗುಟ್ಟು ಹೊರಬಿದ್ದ ದಿವಸದಿಂದ ಹಿರಿಯ ಮಗಳೇ ದಾದಿಯೂ ಅಡಿಗೆಯವಳೂ ತಮ್ಮನಿಗೆ ತಾಯಿಯೂ ಆಗಿಬಿಡುತ್ತಾಳೆ. ಇಂದು ಒಂದು ದಿವಸ, ನಾಳೆ ಎರಡು ದಿವಸ ಎಂದು ಶಾಲೆ ತಪ್ಪಿ, ಕಡೆಗೆ ಅವಳ ಪುಸ್ತಕದ ಚೀಲವು ಗೂಟದ ಮೇಲೇ ಉಳಿಯುತ್ತದೆ. 6ರಿಂದ 14 ವರುಷದ ಮಕ್ಕಳಿಗೆ ಶಾಲೆಯು ಹಕ್ಕೆಂದು 2009ರಲ್ಲಿ ನಮ್ಮ ದೇಶದಲ್ಲಿ ಕಾಯಿದೆಯಾಯಿತು. ತಾಯಿಯ ರೋಗವು ಆ ಹಕ್ಕನ್ನು ಕಿತ್ತುಕೊಳ್ಳಬಾರದು. ಸಕ್ಕರೆಯ ಡಬ್ಬಿಯನ್ನು ತಂದುಕೊಡುವದು, ಪಕ್ಕದವರನ್ನು ಕೂಗುವದು, ಇವು ಮಗುವಿನ ಹೆಗಲಿಗೆ ತಕ್ಕ ಭಾರ. ಔಷಧದ ಅಳತೆಯ ಲೆಕ್ಕ, ಸಾಲದ ಚಿಂತೆ, ನಡುರಾತ್ರಿಯ ಅಳು, ಇವು ದೊಡ್ಡವರ ಭಾರ. ತಾಯಿಗೆ ಅಳಬೇಕೆನಿಸಿದರೆ ಗಂಡನ ಮುಂದೆಯೋ ಅಕ್ಕತಂಗಿಯ ಮುಂದೆಯೋ ಅಳಲಿ. ಒಂಭತ್ತು ವರುಷದವಳನ್ನು ತನ್ನ ಗೆಳತಿಯಾಗಿ ಮಾಡಿಕೊಳ್ಳದಿರಲಿ.

ಇದಕ್ಕಿಂತಲೂ ಕೆಟ್ಟ ಹೊರಿಸುವಿಕೆ ಒಂದುಂಟು. "ನೀನು ಹಟಮಾಡಿದರೆ ನನ್ನ ಸಕ್ಕರೆ ಏರುತ್ತದೆ, ನಾನು ಸತ್ತರೆ ಆಗ ಗೊತ್ತಾಗುತ್ತದೆ" ಎಂದು ಹೇಳಿ ಮಕ್ಕಳನ್ನು ಅಡಗಿಸುವ ತಂದೆತಾಯಿಗಳಿದ್ದಾರೆ. ಇದು ರೋಗವನ್ನು ಬೆತ್ತವಾಗಿ ಮಾಡಿಕೊಂಡಂತೆ. ಬೆತ್ತದ ಬಾಸುಂಡೆ ನಾಲ್ಕು ದಿವಸಕ್ಕೆ ಮಾಯುತ್ತದೆ. ತನ್ನ ಹಟದಿಂದ ತಾಯಿಗೆ ಕೇಡಾಯಿತೆಂಬ ನಂಬಿಕೆಯು ಆ ಮಗುವು ಮುದುಕನಾಗುವ ತನಕ ಮಾಯದೆ ಇರಬಹುದು. ಮರೆಮಾಡಿದ ತಾಯಿಯ ಮಗನು ಯಾವ ಸುಳ್ಳನ್ನು ತಾನೇ ಕಟ್ಟಿಕೊಂಡನೋ, ಅದೇ ಸುಳ್ಳನ್ನು ಇವರು ತಮ್ಮ ಬಾಯಿಂದಲೇ ಮಗುವಿಗೆ ಕಲಿಸಿದ ಹಾಗಾಯಿತು.

ಗಂಡಂದಿರಿಗೂ ಒಂದು ಮಾತು. ರೋಗವು ಹೆಂಡತಿಯದಾದರೂ ಅದನ್ನು ತಿಳಿಸುವ ಕೆಲಸವು ಇಬ್ಬರದು. ಹೊತ್ತಿಗೆ ಸರಿಯಾಗಿ "ಮೊದಲು ನೀನು ಉಣ್ಣು" ಎಂದು ಮಕ್ಕಳ ಎದುರಿಗೆ ಗಂಡನೇ ಹೇಳಿದರೆ, ಕಡೆಯಲ್ಲಿ ಉಣ್ಣುವ ವಾಡಿಕೆಯನ್ನು ಮುರಿದ ತಪ್ಪು ಅವಳ ಮೇಲೆ ಬರುವದಿಲ್ಲ. ಅತ್ತೆಯೂ ಅದನ್ನು ಸ್ವಾರ್ಥವೆಂದು ಎಣಿಸಳು. ಮಕ್ಕಳೂ ಅವ್ವನ ಊಟವು ಅವಳ ಔಷಧದ ಒಂದು ಭಾಗವೆಂದು ಕಲಿಯುವರು. ರೋಗಿಯು ಗಂಡನೇ ಆಗಿದ್ದರೂ ಮೇಲೆ ಹೇಳಿದ್ದೆಲ್ಲಾ ಸಲ್ಲುತ್ತದೆ. ಗಂಡಸು ಬಲಹೀನನೆಂದು ಮಕ್ಕಳಿಗೆ ಕಾಣಬಾರದೆಂಬ ಅಭಿಮಾನವನ್ನು ಮಾತ್ರ ಅವನು ಬಿಡಬೇಕು.

ನೆರೆಹೊರೆಯವರ ಪಾಲೂ ಇದರಲ್ಲಿ ಉಂಟು. ಪುಣ್ಯಕೋಟಿಯ ಜೊತೆಯ ಹಸುಗಳಿಲ್ಲದೆ ಹೋಗಿದ್ದರೆ ಕರುವಿಗೆ ಹೇಳಿದ ಸತ್ಯವು ಬರೀ ಕ್ರೂರತೆಯಾಗುತ್ತಿತ್ತು. "ನನಗೆ ಆಗದ ದಿವಸ ಇಂಥವರು ನಿನ್ನನ್ನು ನೋಡಿಕೊಳ್ಳುವರು" ಎಂದು ತಾಯಿಯು ಹೇಳಬೇಕಾದರೆ ಆ ಇಂಥವರು ನಿಜವಾಗಿ ಇರಬೇಕಷ್ಟೆ. ಆದಕಾರಣ ಎರಡು ಮನೆಗಳವರಿಗೂ ಶಾಲೆಯ ಗುರುಗಳಿಗೂ ಊರಿನ ಆಶಾ ಕಾರ್ಯಕರ್ತೆಗೂ ಸಂಗತಿಯನ್ನು ತಿಳಿಸಿಡುವದು ಒಳ್ಳೇದು. ತಿಳಿದವರು ಕನಿಕರದ ನಿಟ್ಟುಸಿರಿಟ್ಟು ಸುಮ್ಮನಾಗದೆ, ಆ ಮಕ್ಕಳು ಒಂದು ಸಂಜೆ ಬಾಗಿಲಿಗೆ ಬಂದರೆ ಎರಡು ರೊಟ್ಟಿ ಹೆಚ್ಚಾಗಿ ತಟ್ಟಲು ಸಿದ್ಧರಾಗಿರಲಿ.

ಹೀಗೆ ಹೇಳಿದ ಮನೆಯಲ್ಲಿ ಅಡಗಿಸಿಟ್ಟ ವಸ್ತುಗಳಿಗೆಲ್ಲಾ ಒಂದೊಂದು ಸ್ಥಳ ದೊರೆಯುತ್ತದೆ. ಶೀತಪೆಟ್ಟಿಗೆಯಿಲ್ಲದ ಮನೆಯಲ್ಲಿ ಔಷಧದ ಸೀಸೆಯನ್ನು ಒಣಗಿದ ಚೀಲದಲ್ಲಿ ಕಟ್ಟಿ, ನೀರಿನಿಂದ ತಂಪಾಗಿರುವ ಮಣ್ಣಿನ ಗಡಿಗೆಯಲ್ಲಿ ನೆರಳಲ್ಲಿಡಬಹುದು. ಬಳಸಿದ ಸೂಜಿಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಚಿಕ್ಕವನ ಕೈಗೆ ಎಟಕದ ಗೂಡಿನಲ್ಲಿಟ್ಟು, ತುಂಬಿದ ಮೇಲೆ ಆಸ್ಪತ್ರೆಗೆ ಒಪ್ಪಿಸಬೇಕು. ಸಕ್ಕರೆಯ ಡಬ್ಬಿಯು ಮಗಳ ಕೈಗೆ ಸಿಕ್ಕುವಷ್ಟು ಕೆಳಗೆ ಇರಲಿ.

ಪ್ರಿಯರೇ, ನಿಮ್ಮೊಳಗೆ ಯಾರಾದರೂ ಇಂಥ ಗುಟ್ಟನ್ನು ಕಾಯುತ್ತಿದ್ದರೆ, ಅದನ್ನು ಹೇಳುವದಕ್ಕೆ ದೊಡ್ಡ ಸಮಯವನ್ನು ಹುಡುಕಬೇಡಿರಿ. ರಾತ್ರಿಯ ಊಟವಾದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಎರಡು ಮೂರು ಮಾತುಗಳಲ್ಲಿ ಹೇಳಿರಿ. ಅವರು ಕೇಳಿದಷ್ಟಕ್ಕೆ ಉತ್ತರ ಕೊಡಿರಿ. ಕೇಳದೆ ಆಟಕ್ಕೆ ಎದ್ದುಹೋದರೆ ಹೋಗಲಿ. ನಾಳೆಯೋ ನಾಡದೋ ಬಾವಿಯ ದಾರಿಯಲ್ಲಿ ಮಗುವು ನಿಮ್ಮ ಸೆರಗನ್ನು ಹಿಡಿದು ಮತ್ತೊಂದು ಪ್ರಶ್ನೆಯನ್ನು ಕೇಳೀತು. ಆಗ ಕೊಡವನ್ನು ಕೆಳಗಿಳಿಸಿ, ನಿಂತು, ಅದಕ್ಕೂ ಉತ್ತರ ಕೊಡಿರಿ.